ಅವ್ವ ಕರೆದಾಗ

ಮಲಪ್ರಭೆಯ ದಂಡೆಯ ಒಂದು ಆಶ್ರಮದಲ್ಲಿ ಮರುಳಪ್ಪಜ್ಜ ಎಂಬ ಗುರುಗಳಿದ್ದರು. ಅವರ ಶಿಷ್ಯ ಚನ್ನವೀರ. ಬೆಳಗಾದರೆ ಅವನಿಗೆ ಸನ್ಯಾಸದ ದೀಕ್ಷೆ.

ಸಂಜೆ ಅವನು ಹೊಸ ಕಾವಿಬಟ್ಟೆಯ ಗಂಟನ್ನು ತಂದು ಗುರುಗಳ ಮುಂದಿಟ್ಟ. ಮುಖ ಬಾಡಿಹೋಗಿತ್ತು.

"ನಾ ಇದಕ್ಕ ಲಾಯಕ್ಕಿಲ್ರಿ, ಅಜ್ಜಾರ. ಊರಿಗೆ ಹೊಂಟೀನಿ."

"ಯಾಕೋ, ಬಟ್ಟಿ ಅಳತಿ ಸಣ್ಣದಾತೇನು?"

ಚನ್ನವೀರ ನಗಲಿಲ್ಲ. ನಡೆದದ್ದು ಹೇಳಿದ.

ಅತಿಥಿಗಳ ಕೋಣೆಯಲ್ಲಿ ಯಾರೋ ಒಂದು ಕಥಾಸಂಕಲನ ಬಿಟ್ಟುಹೋಗಿದ್ದರು. ಬರೆದವಳು ಗೌರಾಬಾಯಿ ಮುತ್ತಿನಹಾಳ. ಆ ಹೆಸರನ್ನೇ ಅವನು ಕೇಳಿರಲಿಲ್ಲ. ಕಸ ಗುಡಿಸಲು ಹೋದವನು ಕಸಬರಿಗೆ ಹಿಡಿದುಕೊಂಡೇ ಓದುತ್ತ ನಿಂತ. ಒಂದಕ್ಕಿಂತ ಒಂದು ಕರಾಳ ಕಥೆ.

ಒಂದರಲ್ಲಿ, ಹಾಸಿಗೆ ಹಿಡಿದ ತಾಯಿಯ ಚಾಕರಿ ಮಾಡಿ ಮಗಳು ಬೇಸತ್ತಿದ್ದಾಳೆ. ತಾಯಿ ನೀರು ನೀರು ಎಂದು ಕೂಗುತ್ತಾಳೆ. ಮಗಳು ಹಿತ್ತಲಲ್ಲಿ ಬಟ್ಟೆಯನ್ನು ಇನ್ನೂ ಜೋರಾಗಿ ಒಗೆಯುತ್ತಾಳೆ. ಒಗೆದದ್ದನ್ನು ಒಣಹಾಕಿ ಒಳಗೆ ಹೋಗುವಷ್ಟರಲ್ಲಿ ತಾಯಿಯ ಜೀವ ಹೋಗಿದೆ.

"ಅದು ನಾನ ರೀ. ನಮ್ಮವ್ವ ಕರದಾಗ ಕಟ್ಟಿ ಮ್ಯಾಲ ಕೂತು ಶೇಂಗಾ ಸುಲೀತಿದ್ದೆ. ಕೇಳಸ್ತಿತ್ತು. ಏಳಲಿಲ್ಲ. ಇಷ್ಟ ವರ್ಷ ನಿಮಗೂ ಹೇಳಲಿಲ್ಲ."

ಗುರುಗಳು ಕೇಳಿದರು:

"ಆ ಮಗಳನ್ನ ಗೌರಾಬಾಯಿ ಬೈದಾಳೇನು?"

"ಇಲ್ರಿ."

"ಕ್ಷಮಾ ಮಾಡ್ಯಾಳೇನು?"

"ಅದೂ ಇಲ್ರಿ. ಬಟ್ಟಿ ಒಣಾ ಹಾಕೂತನಕ ಆಕಿ ಜೋಡಿ ನಿಂತಾಳ, ಅಷ್ಟ."

"ಓದಿದ ಮ್ಯಾಲ ನಿನಗೇನಾತು?"

ಹೇಳಲು ಚನ್ನವೀರನಿಗೆ ನಾಚಿಕೆಯಾಯಿತು.

"ಅತ್ತುಬಿಟ್ಟೆ. ಆಮ್ಯಾಲ ನಿದ್ದಿ ಬಂತು. ಅವ್ವ ಹೋದಾಗಿಂದ ಅಂಥಾ ನಿದ್ದಿ ಬಂದಿದ್ದಿಲ್ಲ. ಅದಕ್ಕ ಹೆದರಿಕಿ ಹತ್ತೇತ್ರಿ. ನಿಮ್ಮ ಉಪದೇಶದಾಗ ಸಿಗದ್ದು ಇಂಥಾ ಪುಸ್ತಕದಾಗ ಸಿಕ್ಕರ, ನಾ ಎಂಥಾ ಶಿಷ್ಯಾ?"

ಗುರುಗಳು ಬೊಚ್ಚುಬಾಯಿ ತೆರೆದು ನಕ್ಕರು.

"ನಾ ಒದರಿದ್ದೆಲ್ಲಾ ನೀರಾಗ ಹೋಮ ಆತು ಅನ್ನು."

ಕಾವಿಯ ಗಂಟನ್ನು ಎತ್ತಿ ಮತ್ತೆ ಅವನ ತೊಡೆಯ ಮೇಲಿಟ್ಟರು.

"ನಾಳೆ ದೀಕ್ಷಾ ತಗೊಳ್ಳುಮುಂದ, ದಾರಿ ತೋರಿಸಿದವರ ಹೆಸರು ಹೇಳಬೇಕಾಗ್ತದ. ಮೊದಲ ಗೌರಾಬಾಯಿ ಅನ್ನು. ಆಮ್ಯಾಲ ನನ್ನ ಹೆಸರು ಹೇಳು."

ಚನ್ನವೀರನ ಎದೆ ಹಗುರಾಯಿತು. ಗಂಟನ್ನು ಅವುಚಿಕೊಂಡು ಕೂತುಬಿಟ್ಟ. ಎದ್ದು ನಮಸ್ಕಾರ ಮಾಡಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

"ಆಕಿ ಬರದ ಪುಸ್ತಕ ಇನ್ನೂ ಅದಾವೇನು?" ಗುರುಗಳು ಕೇಳಿದರು.

"ಇನ್ನೆರಡು ಅದಾವಂತ್ರಿ."

"ತರಿಸಪಾ. ಯಾವುದಾರ ಒಂದು ಕಥಿಯೊಳಗ ನಾನೂ ಇರಬೇಕು."