ಒಂದು ಕಮ್ಮಿ ಗುಡ್ಡ

ಬಿಲ್ಲೇಹಾಳಿನಿಂದ ಉತ್ತರಕ್ಕೆ ಅರ್ಧ ಹರದಾರಿ ನಡೆದರೆ, ಮಲಗಿದ ಎಮ್ಮೆಯ ಬೆನ್ನಿನಂತೆ ಕಪ್ಪಗೆ ಕಾಣುವುದೇ ಒಂದು ಕಮ್ಮಿ ಗುಡ್ಡ. ಹೆಸರು ಕೇಳಿದ ಹೊಸಬರು, ಇಂಥ ಗುಡ್ಡಕ್ಕೆ ಏನು ಕಮ್ಮಿಯಾಗಿದೆ ಎಂದು ಕೇಳದೆ ಇರುವುದಿಲ್ಲ. ಗುಡ್ಡಕ್ಕೇನೂ ಕಮ್ಮಿಯಿಲ್ಲ. ಸುತ್ತಲ ಹತ್ತು ಊರು ತಿರುಗಿದರೂ ಮೊಣಕಾಲುದ್ದ ಹುಲ್ಲು ಬೆಳೆಯುವ ಜಾಗ ಬೇರೆ ಸಿಗದು. ಬುಡದ ಬಯಲಿನಲ್ಲಿ ಹಳೆಯದೊಂದು ಗಡಿಗಲ್ಲಿದೆ. ಅಲ್ಲಿಂದ ಗುಡ್ಡದ ಇಳಿಜಾರಿನ ಒಂದು ದೊಡ್ಡ ಗುಂಡುಕಲ್ಲಿನವರೆಗೆ, ದಾರ ಹಿಡಿದು ಜೋಡಿಸಿದಂತೆ ಸಣ್ಣ ಕಲ್ಲುಗಳ ಸಾಲು. ಸರ್ವೆಯವರ ಕೆಲಸವಿರಬೇಕೆಂದು ನೋಡಿದವರು ಅಂದುಕೊಳ್ಳುತ್ತಾರೆ. ಸರ್ವೆಯವರಿಗೆ ಅಷ್ಟು ನೆಟ್ಟಗೆ ಹೂಳಲು ಎಲ್ಲಿ ಬರಬೇಕು! ಆ ಕಲ್ಲುಗಳನ್ನು ಹೂಳಿದವನು ನಮ್ಮೂರಿನ ದಾಂಡಿನ ಸೂರಯ್ಯ.

ಹಿಂದೆ ಯಾವುದೋ ಕಾಲದಲ್ಲಿ, ಗುಡ್ಡಕ್ಕೆ ಇನ್ನೂ ಹೆಸರೇ ಇಲ್ಲದಿದ್ದಾಗ, ಚಿನ್ನಿದಾಂಡಿನಲ್ಲಿ ಸೂರಯ್ಯನನ್ನು ಸೋಲಿಸುವವನು ಹುಟ್ಟಿರಲಿಲ್ಲ ಎನ್ನುತ್ತಾರೆ. ಹುಟ್ಟಿದಾಗ ಅವನ ಬಲಗೈ ಮುಷ್ಟಿ ಬಿಚ್ಚದೆ, ಸೂಲಗಿತ್ತಿ ಹೊಸಲಿನ ಮೇಲಿದ್ದ ಒನಕೆಯನ್ನು ತೋರಿಸಿದ ಮೇಲೆ ಬಿಚ್ಚಿತಂತೆ. ಅವನು ಆಡಲು ನಿಂತನೆಂದರೆ ಪಕ್ಕದ ತೊಗರಿಕುಂಟೆಯ ಹೆಂಗಸರು ನೀರಿನ ಗಡಿಗೆಗಳನ್ನು ಒಳಗಿಟ್ಟು ಕದ ಹಾಕಿಕೊಳ್ಳುತ್ತಿದ್ದರಂತೆ. ಒಂದೇ ಹೊಡೆತಕ್ಕೆ ಎರಡು ಕೌಜುಗ ಬಿದ್ದದ್ದು, ಅವನ ಚಿನ್ನಿ ಎಮ್ಮೆಯ ಕೋಡಿಗೆ ಸಿಕ್ಕಿ ಸಂತೆಯವರೆಗೆ ಹೋದದ್ದು, ಇಂಥವೆಲ್ಲ ಬೇಕಾದಷ್ಟಿವೆ. ಎಲ್ಲಕ್ಕಿಂತ ದೊಡ್ಡದು ಹದ್ದಿನ ಕಥೆ. ಯುಗಾದಿಯ ದಿನ ಅವನು ಹೊಡೆದ ಚಿನ್ನಿ ಮೋಡದೊಳಗೆ ಹೋಗಿ ಕಾಣೆಯಾಯಿತು. ದೀಪಾವಳಿಯ ದಿನ ಒಂದು ಹದ್ದು ಅದನ್ನು ಕೊಕ್ಕಿನಲ್ಲಿ ಕಚ್ಚಿ ತಂದು ಅವನ ಕಾಲಬುಡದಲ್ಲಿ ಇಟ್ಟಿತು. ಇವನ್ನೆಲ್ಲ ಮೊದಲು ಹೇಳಿದವನು ಸೂರಯ್ಯನೇ. ಬೇವಿನ ಕಟ್ಟೆಯ ಮೇಲೆ ಕೂತು, ಕೇಳುವವರು ಸಾಕೆನ್ನುವ ತನಕ ಹೇಳುತ್ತಿದ್ದ. ಸಾಕೆಂದವರಿಗೆ ಮತ್ತೆ ಮೊದಲಿನಿಂದ ಹೇಳುತ್ತಿದ್ದ.

ಅವನ ಜೊತೆಗಾರ ಕಾಟಯ್ಯ. ಇಬ್ಬರೂ ಒಂದೇ ಓಣಿಯವರು, ಒಂದೇ ವಾರಿಗೆಯವರು. ಕಮರದ ಮರದ ಗಟ್ಟಿ ತಿರುಳು, ಚೇಗು, ಹುಡುಕಿ ಸೂರಯ್ಯನ ಕೈಯಳತೆಗೆ ದಾಂಡು ಕೆತ್ತುತ್ತಿದ್ದವನು ಕಾಟಯ್ಯ. ಚಿನ್ನಿ ಎಲ್ಲಿ ಬಿದ್ದರೂ ಮುಳ್ಳುಕಂಟಿಗೆ ನುಗ್ಗಿ ತರುತ್ತಿದ್ದವನೂ ಅವನೇ. ಮಾತು ಕಡಿಮೆ. ಅವನ ಬಾಯಿಂದ ಸುಳ್ಳು ಬಂದದ್ದನ್ನು ಎರಡೂ ಊರಿನಲ್ಲಿ ಯಾರೂ ಕೇಳಿರಲಿಲ್ಲ.

ಆ ಗುಡ್ಡದ ಹುಲ್ಲಿಗಾಗಿ ಬಿಲ್ಲೇಹಾಳಿಗೂ ತೊಗರಿಕುಂಟೆಗೂ ಪ್ರತಿವರ್ಷ ಬಡಿದಾಟ. ಒಂದು ವರ್ಷ ಎರಡು ತಲೆ ಒಡೆದ ಮೇಲೆ ಹಿರಿಯರು ಕೂತು, ಇದು ಚಿನ್ನಿದಾಂಡಿನಲ್ಲಿ ಮುಗಿಯಲಿ ಎಂದರು. ಊರಿಗೊಬ್ಬ ಆಟಗಾರ, ಗಡಿಗಲ್ಲಿನಿಂದ ಒಂದೊಂದೇ ಹೊಡೆತ. ಗೆದ್ದ ಊರಿಗೆ ಗುಡ್ಡ, ಸೋತ ಊರಿನ ದನ ಆ ಕಡೆ ಮೂತಿ ಹಾಕಕೂಡದು. ಆಟದ ಕ್ರಮ ಹೀಗೆ. ಹೊಡೆದವನು ಚಿನ್ನಿ ಬಿದ್ದ ದೂರವನ್ನು ಕಣ್ಣಂದಾಜಿನಲ್ಲಿ ನೋಡಿ ಇಷ್ಟು ದಾಂಡು ಎಂದು ಕೇಳಬೇಕು. ಎದುರಿನವರು ಒಪ್ಪಿದರೆ ಅಷ್ಟೂ ಅವನದು. ಒಪ್ಪದಿದ್ದರೆ ದಾಂಡಿನಿಂದಲೇ ನೆಲ ಅಳೆಯುವುದು, ಅದೂ ಒಂದೇ ಸಲ. ಕೇಳಿದ್ದಕ್ಕಿಂತ ಒಂದೇ ಒಂದು ಕಮ್ಮಿಯಾದರೂ ಹೊಡೆದದ್ದೆಲ್ಲ ಸೊನ್ನೆ.

ತೊಗರಿಕುಂಟೆಯವನು ಮೊದಲು ಹೊಡೆದು ನೂರ ಎಂಬತ್ತು ಕೇಳಿದ, ನಮ್ಮವರು ಕೊಟ್ಟರು. ಆಮೇಲೆ ಸೂರಯ್ಯ ಪಂಚೆ ಎತ್ತಿ ಕಟ್ಟಿ, ಅಂಗೈಗೆ ಮಣ್ಣು ಉಜ್ಜಿಕೊಂಡು ಹೊಡೆದ ಹೊಡೆತವನ್ನು ಇವತ್ತಿಗೂ ಯಾರೂ ಹೊಡೆದಿಲ್ಲ. ಚಿನ್ನಿ ಬಯಲು ದಾಟಿ, ಗುಡ್ಡ ಹತ್ತಿ, ಆ ಗುಂಡಿನ ಬುಡಕ್ಕೆ ಹೋಗಿ ಬಿತ್ತು. ಕಾಟಯ್ಯ ಅವನ ಕಿವಿಯ ಹತ್ತಿರ ಬಂದು, "ಇನ್ನೂರು ಕೇಳು, ಸೂರ. ಗುಡ್ಡ ಬರ್ತೈತೆ, ಸಾಕು," ಎಂದ.

"ಇನ್ನೂರಾ? ಅದು ನಮ್ಮಜ್ಜಿ ಹೊಡೀತಾಳೆ, ಸುಮ್ನಿರಲೇ," ಎಂದು ಸೂರಯ್ಯ ಎದೆ ತಟ್ಟಿ, ಎರಡೂ ಊರಿಗೆ ಕೇಳುವಂತೆ ಕೂಗಿದ: "ಮುನ್ನೂರು!"

ತೊಗರಿಕುಂಟೆಯ ಗೌಡ ನಕ್ಕ. "ಅಳೆದೇ ಬಿಡೋಣ. ನಿಮ್ಮ ಕಾಟಯ್ಯನೇ ಅಳೀಲಿ, ಅವನ ಮಾತು ನಮಗೂ ಒಪ್ಪಿಗೆ," ಎಂದ. ಸೂರಯ್ಯನಿಗೆ ಆ ಗೌಡನ ದಡ್ಡತನ ಕಂಡು ಕನಿಕರವೇ ಆಯಿತು. ತನ್ನ ಪ್ರಾಣದ ಗೆಳೆಯ ಅಳೆಯುತ್ತಿರುವಾಗ ಅತ್ತ ನೋಡುವುದೇನಿದೆ? ಊರವರ ಹೆಗಲೇರಿ ಕೂತು ಹದ್ದಿನ ಕಥೆ ಶುರುಮಾಡಿದ. ಕಾಟಯ್ಯ ಮಂಡಿಯೂರಿ, ದಾಂಡು ಮಲಗಿಸಿ, ತುದಿಗೆ ಬೆರಳಿಟ್ಟು, ಎಣಿಸುತ್ತಾ ಹೋದ. ಕಥೆಯಲ್ಲಿ ಹದ್ದು ಇನ್ನೂ ಮೋಡದಲ್ಲೇ ಇತ್ತು, ಅಷ್ಟರಲ್ಲಿ ಇಳಿಜಾರಿನಿಂದ ಕಾಟಯ್ಯನ ದನಿ ಕೇಳಿತು. "ಇನ್ನೂರ ತೊಂಬತ್ತೊಂಬತ್ತು. ಒಂದು ಕಮ್ಮಿ."

ಹೆಗಲ ಮೇಲಿದ್ದವನನ್ನು ಯಾವಾಗ ಇಳಿಸಿದರೋ ಅವನಿಗೇ ತಿಳಿಯಲಿಲ್ಲ. ತೊಗರಿಕುಂಟೆಯವರು ಅದೇ ಸಂಜೆ ಗುಡ್ಡಕ್ಕೆ ದನ ಹೊಡೆದರು. ಬಿಲ್ಲೇಹಾಳಿನಲ್ಲಿ ಅವನ ಹೆಸರೇ ಹೋಗಿ ಒಂದು ಕಮ್ಮಿ ಎಂಬುದು ಉಳಿಯಿತು, ಗುಡ್ಡಕ್ಕೂ ಅದೇ ಅಂಟಿತು. ಬಾವಿಕಟ್ಟೆಯಲ್ಲಿ ಬಿಂದಿಗೆ ಎಣಿಸುವ ಹೆಂಗಸರು ಕೂಡ ಅವನನ್ನು ಕಂಡರೆ ಕೊನೆಯದನ್ನು ಬಿಟ್ಟು ಎಣಿಸಿ ನಗುತ್ತಿದ್ದರು. ಸೂರಯ್ಯ ಯಾರನ್ನೂ ದೂರಲಿಲ್ಲ. ದೂರಿದ್ದು ತನ್ನ ಬಲಗೈಯನ್ನು. ಹುಟ್ಟಿದಂದಿನಿಂದ ಜೊತೆಗಿದ್ದ ಕೈ ಊರಿನ ಮುಂದೆ ಮೋಸ ಮಾಡಿತೆಂದು, ಆರು ತಿಂಗಳು ಎಡಗೈಯಲ್ಲೇ ಉಂಡನಂತೆ.

ಒಂದು ದಿನ ಬೆಳಗ್ಗೆ, ಆ ಒಂದು ದಾಂಡಿನ ಕೊರತೆಯನ್ನು ಕಣ್ಣಾರೆ ಕಂಡು ಬರೋಣವೆಂದು, ಅದೇ ದಾಂಡು ಹಿಡಿದು ಗಡಿಗಲ್ಲಿನಿಂದ ಅಳೆದ. ಮುನ್ನೂರಕ್ಕೆ ಗುಂಡು ಇನ್ನೂ ಮುಂದಿತ್ತು. ಮುನ್ನೂರ ಎಂಟಕ್ಕೆ ಮುಟ್ಟಿತು. ಮತ್ತೊಮ್ಮೆ ಅಳೆದ, ಮೂರನೆಯ ಸಲವೂ ಅಳೆದ. ಮುನ್ನೂರ ಎಂಟೇ. ಅಲ್ಲೇ ಕುಕ್ಕರಿಸಿ ಯೋಚಿಸಿದ ಮೇಲೆ ಗೊತ್ತಾಯಿತು. ದಾಂಡಿನ ತುದಿ ಮುಟ್ಟಿದ ಕಡೆ ಬೆರಳಿಟ್ಟು, ಬೆರಳಿನ ಹಿಂದಿನಿಂದ ಮುಂದಿನ ಅಳತೆ ಹಿಡಿಯಬೇಕು. ಬೆರಳಿನ ಮುಂದಿನಿಂದ ಹಿಡಿದರೆ ಪ್ರತಿ ಸಲ ಒಂದು ಬೆರಳಿನಷ್ಟು ನೆಲ ನುಂಗಿ ಹೋಗುತ್ತದೆ. ಬಲಗೈಯ ಮೇಲಿದ್ದ ಸಿಟ್ಟೆಲ್ಲ ಒಮ್ಮೆಗೇ ಇಳಿಯಿತು. ಇಳಿದ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟದ್ದಾಗಿತ್ತು.

ಕಾಟಯ್ಯ ಹಿತ್ತಿಲಲ್ಲಿ ಕೊಡಲಿಗೆ ಕಾವು ಕೆತ್ತುತ್ತಿದ್ದ.

"ಬೆರಳು ಮುಂದಿಟ್ಟೆಯಾ, ಕಾಟ?"

"ಇಟ್ಟೆ."

"ಎಷ್ಟು ಸಲ?"

"ಎಲ್ಲಾ ಸಲ." ಕಾಟಯ್ಯ ತಲೆ ಎತ್ತಲಿಲ್ಲ. "ಯುಗಾದಿಗೆ ಹೊಡೆದ ಚಿನ್ನೀನ ಏಳು ತಿಂಗಳು ಜಾಲಿಮೆಳೇಲಿ ಹುಡುಕಿದೋನು ಯಾರು? ದೀಪಾವಳಿಗೆ ತಂದು ನಿನ್ನ ಕೈಲಿ ಇಟ್ಟೋನು ಯಾರು? ಕಟ್ಟೆ ಮೇಲೆ ಕೂತು ನೀನು ಅದನ್ನ ಹದ್ದು ತಂತು ಅಂತೀಯ. ನಿನ್ನ ಕಥೇಲಿ ಹದ್ದಿಗೆ ಜಾಗ ಐತೆ, ಎಮ್ಮೆಗೆ ಜಾಗ ಐತೆ. ನಂಗಿಲ್ಲ. ಇನ್ನೂರು ಕೇಳು ಅಂದೆ. ಕೇಳಿದ್ರೆ ನಾನು ಗೇಣು ಮುಂದಿಟ್ರೂ ಗುಡ್ಡ ನಮ್ದೇ ಆಗ್ತಿತ್ತು. ಆ ಒಂದು ಮಾತನ್ನಾದ್ರೂ ಕೇಳಿದ್ಯಾ ನೀನು?"

ಸೂರಯ್ಯ ಅಲ್ಲಿಂದ ನೇರವಾಗಿ ಕಟ್ಟೆಗೆ ಬಂದು, ಊರವರನ್ನು ಕೂಡಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದ. ಜನ್ಮದಲ್ಲಿ ಮೊದಲ ಬಾರಿಗೆ ಒಂದಕ್ಕೆ ಒಂದು ಸೇರಿಸದೆ ಹೇಳಿದ. ಚಿನ್ನಿ ತಂದದ್ದು ಹದ್ದಲ್ಲ, ಕಾಟಯ್ಯ ಎಂದೂ ಹೇಳಿದ. ಊರು ಬಿದ್ದು ಬಿದ್ದು ನಕ್ಕಿತು. "ಮುನ್ನೂರ ಎಂಟಾ? ಈ ಸುದ್ದಿ ಯಾವ ಹದ್ದು ತಂತೋ, ಸೂರಯ್ಯ?" ಎಂದು ಒಬ್ಬ ಕೇಳಿದ. ಸೂರಯ್ಯ ಗುಂಪಿನಾಚೆ ನಿಂತಿದ್ದ ಕಾಟಯ್ಯನ ಕಡೆ ನೋಡಿದ. ಎಂದೂ ಸುಳ್ಳು ಹೇಳದವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಟಯ್ಯ ನೆಲ ನೋಡುತ್ತಾ ನಿಂತ. ಸೂರಯ್ಯನಿಗೆ ಬೆರಳು ಮುಂದಿಟ್ಟದ್ದಕ್ಕಿಂತ ಇದೇ ಹೆಚ್ಚು ಉರಿಯಿತು ಎನ್ನುತ್ತಾರೆ.

ಆಮೇಲೆ ಅವನು ಕಥೆ ಹೇಳಲಿಲ್ಲ. ವರ್ಷಗಟ್ಟಲೆ, ಬೆಳಗಾದರೆ ಹಾರೆ ಹಿಡಿದು ಬಯಲಿಗೆ ಹೋಗುತ್ತಿದ್ದ. ಒಂದೊಂದು ದಾಂಡಿಗೆ ಒಂದೊಂದು ಕಲ್ಲು, ಯಾರು ಕಿತ್ತರೂ ಬಾರದಷ್ಟು ಆಳಕ್ಕೆ. ತನ್ನ ಮಾತು ನಂಬದವರು ಕಲ್ಲನ್ನಾದರೂ ಎಣಿಸಲಿ ಎಂದು ಅವನ ಹಟ. ಕೊನೆಯ ಕಲ್ಲು ಕೂತ ವರ್ಷವೇ ಅವನು ತೀರಿಕೊಂಡ. ಆ ಬಯಲಿನಲ್ಲೇ ಅವನ ಮಣ್ಣಿಗೆ ಬಂದವರೆಲ್ಲ ಇನ್ನೂ ಅಲ್ಲೇ ಇರುವಾಗ ಮುದುಕ ಕಾಟಯ್ಯ ಗಡಿಗಲ್ಲಿನಿಂದ ಒಂದೊಂದೇ ಕಲ್ಲನ್ನು ಮುಟ್ಟಿ, ಗಟ್ಟಿಯಾಗಿ ಎಣಿಸುತ್ತಾ ಗುಡ್ಡ ಹತ್ತಿದ. "ಮುನ್ನೂರ ಎಂಟು," ಎಂದ. "ಅವನು ಹೇಳಿದ್ದು ನಿಜ. ಕಳ್ಳ ನಾನು." ಆಗ ಊರು ನಂಬಿತು. ನಂಬಿ ಏನು ಬಂತು? ಅಳತೆ ಒಂದೇ ಸಲ ಎಂಬುದು ಆಟದ ಕ್ರಮ; ಗುಡ್ಡ ತೊಗರಿಕುಂಟೆಯದಾಗಿಯೇ ಉಳಿಯಿತು, ಬಾಯಿಗೆ ಹತ್ತಿದ ಹೆಸರೂ ಹೋಗಲಿಲ್ಲ.

ಇವತ್ತು ನೀವು ಹೋದರೆ ಸಾಲು ಹಾಗೇ ಇದೆ, ಎಣಿಸಿ ನೋಡಬಹುದು. ಸಾಲಿನ ಪಕ್ಕದಲ್ಲಿ, ಹೂಳದೆ ಸುಮ್ಮನೆ ಇಟ್ಟ ಬೆರಳುದ್ದದ ಒಂದು ಕಲ್ಲೂ ಕಾಣುತ್ತದೆ. ಅದನ್ನು ಕಾಟಯ್ಯನ ಬೆರಳು ಎನ್ನುತ್ತಾರೆ. ಅಂದು ಇಳಿದು ಬರುವಾಗ ಅವನೇ ಇಟ್ಟನಂತೆ. ಬಿಲ್ಲೇಹಾಳಿನವರು ಆ ದಾರಿಯಲ್ಲಿ ಹೋದರೆ ಅದನ್ನು ಕಾಲಿನಿಂದ ಒಂದು ಬೆರಳಿನಷ್ಟು ಹಿಂದಕ್ಕೆ ತಳ್ಳುತ್ತಾರೆ. ದನ ಮೇಯಿಸುವ ತೊಗರಿಕುಂಟೆಯವರು ನಗುತ್ತಾ ಬಂದು ಮತ್ತೆ ಮುಂದಕ್ಕೆ ಇಡುತ್ತಾರೆ. ನೀವು ಹೋದ ದಿನ ಅದು ಎಲ್ಲಿರುತ್ತದೋ ಹೇಳಲಾಗದು. ಎಲ್ಲೇ ಇರಲಿ, ಹಿಂದಕ್ಕೆ ತಳ್ಳಿ ಬನ್ನಿ.