ಫಕೀರವ್ವ ಬಸ್ಸು ಹತ್ತಿದ್ದು

ಹೊಳೆಯ ದಂಡೆಗೆ ಒಂದು ಮಠ. ಅಲ್ಲಿಯ ಗುರುಗಳನ್ನು ಸುತ್ತಿನ ಜನ ಅಜ್ಜಾರು ಎಂದೇ ಕರೆಯುತ್ತಿದ್ದರು.

ಪ್ರತಿ ಸೋಮವಾರ ಮಧ್ಯಾಹ್ನ ಅಲ್ಲಿ ಹನ್ನೊಂದು ಮಂದಿ ವಯಸ್ಸಾದವರು ಕೂಡುತ್ತಿದ್ದರು. ಹನ್ನೊಂದು ಮಂದಿಗೂ ಎಚ್.ಐ.ವಿ. ಇತ್ತು. ಆ ಮಾತು ಮಠದ ಅಂಗಳ ದಾಟಬಾರದೆಂದು ಅಜ್ಜಾರ ತಾಕೀತು.

ಒಂದು ದಿನ ಅಜ್ಜಾರು ಶಿಷ್ಯ ಗುರುಪಾದನನ್ನು ಕರೆದರು.

"ಇನ್ನ ಮ್ಯಾಲೆ ಸೋಮವಾರದವರು ನಿನ್ನ ಪಾಲಿಗೆ, ತಮ್ಮಾ. ಅವರಿಗೆ ಏನು ಬೇಕು ನೋಡಿಕೋ."

ಗುರುಪಾದ ಹಿಗ್ಗಿದ. ಇಂಥ ರೋಗದವರಿಗೆ ಏನು ಬೇಕೆಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ದೇಹ ಎಷ್ಟು ಕ್ಷಣಿಕ, ಸಾವಿಗೆ ಹೇಗೆ ಅಣಿಯಾಗಬೇಕು ಎಂದು ವಾರವೆಲ್ಲ ಕೂತು ನಲವತ್ತು ಪುಟ ಬರೆದ. ಸೋಮವಾರ ಓದಿದ. ಮರುಸೋಮವಾರವೂ ಓದಿದ.

ಮೂರನೆಯ ವಾರ ಏಳು ಮಂದಿ ಬಂದರು. ನಾಲ್ಕನೆಯ ವಾರ ಮೂವರು. ಆ ಮೂವರಲ್ಲಿ ಒಬ್ಬರು ಗೊರಕೆ ಹೊಡೆದರು.

"ಎಷ್ಟು ಮಂದಿ ಬಂದಿದ್ದರು?" ಅಜ್ಜಾರು ಕೇಳಿದರು.

"ಮೂವರು, ಅಜ್ಜಾರ. ಉಳಿದವರಿಗೆ ಸಂಸಾರದ ಆಸೆ ಇನ್ನೂ ಬಿಟ್ಟಿಲ್ಲ."

"ಫಕೀರವ್ವ?"

"ಬಂದಿಲ್ರಿ."

ಅಜ್ಜಾರ ಮುಖ ಸಣ್ಣದಾಯಿತು. "ಆಕಿ ಮಾತ್ರೆ ಮುಗಿಯೋ ಹೊತ್ತು. ಒಂದು ದಿನವೂ ತಪ್ಪಬಾರದ ಮಾತ್ರೆ ಅದು. ಹೋಗಿ ನೋಡಿ ಬಾ. ಪುಸ್ತಕ ಇಲ್ಲೇ ಇಟ್ಟು ಹೋಗು."

ಅರವತ್ತಾರರ ಫಕೀರವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಯಾಕವ್ವಾ, ಮಠಕ್ಕ ಬರಲಿಲ್ಲ?"

"ನೀವು ಸಾಯೋದು ಕಲಿಸಾಕ ಹತ್ತೀರಿ, ಮರಿದೇವ್ರ. ಅದನ್ನ ನಾ ಹತ್ತೊಂಬತ್ತು ವರ್ಷದ ಹಿಂದನ ಕಲತೇನಿ. ಆಗ ಡಾಕ್ಟರು ಇನ್ನ ಎರಡ ವರ್ಷ ಅಂದಿದ್ರು. ನಾನೂ ಅಣಿಯಾದೆ. ಹಿತ್ತಾಳಿ ಭಾಂಡಿ ಸೊಸಿಗೆ ಕೊಟ್ಟೆ, ಇಳಕಲ್ ಸೀರಿ ತಂಗಿಗೆ ಕೊಟ್ಟೆ. ಆಮ್ಯಾಲ ಮಾತ್ರಿ ಬಂದ್ವು, ಯಮ ಬರಲಿಲ್ಲ. ಈಗ ಸೀರಿ ಕೇಳಿದ್ರ ತಂಗಿ ಕೊಡವಲ್ಲಳು!"

ಗುರುಪಾದ ನಗು ನುಂಗಿದ.

"ಈಗ ನೋಡ್ರಿ, ಮೊಣಕಾಲು ಹೋತು, ಕಣ್ಣಾಗ ಪೊರಿ ಬಂತು, ಸಕ್ಕರಿ ರೋಗ ಬ್ಯಾರೆ. ಸಾಯಾಕ ಎಲ್ಲಾರೂ ಹೇಳಿಕೊಟ್ರು. ಮುದುಕಿ ಆಗಾಕ ಯಾರೂ ಹೇಳಿಕೊಡಲಿಲ್ಲ."

"ಮಾತ್ರೆ ಅದಾವೇನು?"

"ಇವತ್ತಿಂದೊಂದು, ನಾಳಿಂದೊಂದು."

"ಮತ್ತ ಆಸ್ಪತ್ರೆಗೆ ಹೋಗಲಿಲ್ಲ?"

"ಎರಡ ಸಲ ಬಸ್ಸಿಗೆ ಹೋಗಿದ್ದೆ. ಅದರ ಮೆಟ್ಟಲ ಎಷ್ಟ ಎತ್ತರ! ನಾ ಕಾಲು ಎತ್ತೂದ್ರಾಗ ಕಂಡಕ್ಟರ್ ಸೀಟಿ ಊದಿಬಿಟ್ಟ. ಯಾರನ್ನರ ಜೊತಿಗೆ ಕರೀಬೇಕಂದ್ರ, ಎಲ್ಲಿಗೆ ಅಂತ ಕೇಳ್ತಾರ."

ಗುರುಪಾದ ಮಠಕ್ಕೆ ಮರಳಿ ಎಲ್ಲವನ್ನೂ ಹೇಳಿದ. "ಏನು ಮಾಡಲಿ, ಅಜ್ಜಾರ?"

ಅಜ್ಜಾರು ಎದ್ದರು. ತಾವು ಕೂತಿದ್ದ ಗೇಣೆತ್ತರದ ಸಾಗವಾನಿ ಮಣೆಯನ್ನೆತ್ತಿ ಅವನ ಕೈಗಿಟ್ಟರು.

"ನಾಳೆ ಮೊದಲ ಬಸ್ಸು," ಎಂದರು.

ಮೂರು ತಲೆಮಾರಿನ ಗುರುಗಳು ಕೂತ ಮಣೆ ಅದು. ಗುರುಪಾದ ದಿನಾ ಬೆಳಿಗ್ಗೆ ಅದಕ್ಕೆ ಹಣೆ ಹಚ್ಚುತ್ತಿದ್ದ. ಅದಕ್ಕೆ ಯಾರೂ ಕಾಲು ತಾಗಿಸಿದ್ದಿಲ್ಲ.

ಮರುದಿನ ಬಸ್ಸು ಬಂತು. ಫಕೀರವ್ವನ ಪಕ್ಕ ಗುರುಪಾದ ಮಣೆಯನ್ನು ಎದೆಗವಚಿಕೊಂಡು ನಿಂತೇ ಇದ್ದ.

"ಏನ್ರೀ ಸ್ವಾಮ್ಯಾರ, ಮಣೆಗೂ ಟಿಕೀಟು ತಗಸ್ತೀರೇನು?" ಕಂಡಕ್ಟರ್ ಕೂಗಿದ. "ಲಗೂ ಹತ್ರಿ!"

ಗುರುಪಾದ ಕಣ್ಣು ಮುಚ್ಚಿ ಮಣೆಯನ್ನು ಧೂಳಿನಲ್ಲಿಟ್ಟ.

ಫಕೀರವ್ವ ಹಿಂದೆ ಸರಿದಳು. "ಶಿವಶಿವಾ! ಅಜ್ಜಾರು ಕೂಡೋ ಮಣೆ! ನಾ ಒಲ್ಲೆ. ಬಸ್ಸು ಹೋದ್ರ ಹೋಗಲಿ."

ಕಂಡಕ್ಟರನ ಕೈಯಲ್ಲಿದ್ದ ಸೀಟಿ ಬಾಯಿಗೆ ಹೋಯಿತು.

"ಅವ್ವಾ, ಇವತ್ತಿನ ಮಾತ್ರೆನೇ ಕಡೇದು," ಎಂದ ಗುರುಪಾದ. "ಪಾಪ ಬಂದರ ನನಗ ಬರಲಿ. ಇಡ್ರಿ ಕಾಲು."

ಆಕೆ ಕೈಮುಗಿದಳು. ಒಂದು ಕಾಲು ಮಣೆಯ ಮೇಲಿಟ್ಟಳು, ಒಂದು ಕೈ ಗುರುಪಾದನ ಹೆಗಲ ಮೇಲೆ ಊರಿದಳು. ಹತ್ತಿಯೇಬಿಟ್ಟಳು.

ಆಸ್ಪತ್ರೆಯಲ್ಲಿ ಆ ಮಾತ್ರೆಗೆ ಬಂದವರ ಸಾಲಿನಲ್ಲಿ ಇಬ್ಬರೂ ಕೂತರು. ಸಿಸ್ಟರ್ ಬಂದು ಗುರುಪಾದನನ್ನು ಕೇಳಿದಳು, "ನಿಮ್ಮದೂ ಮಾತ್ರೆ ಐತೇನ್ರಿ?"

"ಅಯ್ಯೋ, ಇಲ್ಲ! ನನಗಿಲ್ಲ!"

ಫಕೀರವ್ವ ಅವನ ಮೊಣಕೈ ತಿವಿದಳು. "ಮೆಲ್ಲಕ, ಮರಿದೇವ್ರ. ಅಷ್ಟು ಜೋರಾಗಿ ಅಂದ್ರ ಇಲ್ಲಿ ಕುಂತವರಿಗೆ ಬ್ಯಾಸರ ಆಗತೈತಿ."

ಸಾಲಿಗೆ ಸಾಲೇ ನಕ್ಕಿತು. ಗುರುಪಾದ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿಗೆ ತಾನೂ ನಕ್ಕ. ಮತ್ತೆ ಮಧ್ಯಾಹ್ನದವರೆಗೂ ಆಕೆಯ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಾತ್ರೆ ಸಿಕ್ಕವು. ಕಣ್ಣಿನ ಪೊರೆ ತೆಗೆಯಲು ದಿನವೂ ಗೊತ್ತಾಯಿತು.

ಮುಂದಿನ ಸೋಮವಾರ ಅವನು ಏನನ್ನೂ ಓದಲಿಲ್ಲ. "ಯಾರಿಗೆ ಏನು ಬೇಕು, ಹೇಳ್ರಿ," ಎಂದು ಕೇಳಿ ಸುಮ್ಮನೆ ಕೂತ. ಒಬ್ಬರಿಗೆ ಆಸ್ಪತ್ರೆಗೆ ಜೊತೆ ಬೇಕಿತ್ತು. ಇನ್ನೊಬ್ಬರಿಗೆ ಬಿ.ಪಿ. ಮಾತ್ರೆ ಯಾವುದು, ಈ ರೋಗದ್ದು ಯಾವುದು ಎಂದು ಗುರುತು ಹತ್ತುತ್ತಿರಲಿಲ್ಲ. ಗುರುಪಾದ ಡಬ್ಬಿಗಳಿಗೆ ಬಣ್ಣದ ದಾರ ಕಟ್ಟಿಕೊಟ್ಟ. ಸುದ್ದಿ ಹೇಗೋ ಬರುವುದು ಬಿಟ್ಟವರಿಗೂ ಮುಟ್ಟಿತು.

ತಿಂಗಳು ಕಳೆಯಿತು. ಒಂದು ಸೋಮವಾರ ಸಂಜೆ ಅವನು ಅಳುಕುತ್ತ ಅಜ್ಜಾರ ಮುಂದೆ ನಿಂತ.

"ಹನ್ನೊಂದೂ ಮಂದಿ ಬಂದಿದ್ದರು, ಅಜ್ಜಾರ. ಆದರ ನನ್ನಿಂದ ತಪ್ಪಾತೇನೋ."

"ಏನಾತು?"

"ಇಡೀ ಮಧ್ಯಾಹ್ನ ಒಬ್ಬರೂ ಶಿವನ ಹೆಸರೆತ್ತಲಿಲ್ಲ. ಬರೇ ಸೊಂಟನೋವು, ಹಲ್ಲಿನ ಸೆಟ್ಟು, ಬಾರದ ನಿದ್ದಿ, ಇದೇ ಮಾತು. ಮ್ಯಾಲೆ ನಿಮ್ಮ ಜಪ ಕೆಡುವಷ್ಟು ನಗು. ಇದನ್ನ ಸತ್ಸಂಗ ಅನ್ನಬಹುದೇನ್ರಿ?"

ಅಜ್ಜಾರು ಗೋಡೆ ಹಿಡಿದು, ಸೊಂಟಕ್ಕೆ ಕೈ ಕೊಟ್ಟು, ಮೆಲ್ಲಗೆ ಎದ್ದು ನಿಂತರು.

"ಮುಂದಿನ ಸೋಮವಾರ ನನಗೂ ಒಂದು ಚಾಪೆ ಹಾಸಿಡು, ತಮ್ಮಾ. ಮುಪ್ಪು ನನಗೂ ಹೊಸದು."