ಗರಸು ಮಣ್ಣಿನ ಗೋಪುರಹೂವು

“ಕೇಳಿರಪ್ಪೋ ಕೇಳಿ! ಹೊನ್ನಗುಡ್ಡದ ಮಹಾಸ್ವಾಮಿಗಳ ಅಪ್ಪಣೆ! ಅರಸುಕುವರಿ ನಾಗಲಾಂಬೆಯವರು ಮೂರು ಒಗಟು ಕೇಳುವರು. ಮೂರನ್ನೂ ಬಿಡಿಸಿದವನಿಗೆ ಕುವರಿಯ ಕೈಹಿಡಿಯುವ ಭಾಗ್ಯ, ತೀರಿಹೋದ ರಾಣಿಯಮ್ಮನ ಹೂದೋಟದ ಒಡೆತನ. ಒಂದು ತಪ್ಪಿದರೂ ಸೆರೆ, ಹುಣ್ಣಿಮೆಯ ಬೆಳಿಗ್ಗೆ ತಲೆದಂಡ!”

ತಮಟೆಯ ಸದ್ದು ಕಲ್ಲುಗಣಿಯವರೆಗೂ ಬಂತು. ಕಲ್ಲುಕುಟಿಗ ಗುರುಸಿದ್ದನ ಕೈಯ ಉಳಿ ನಿಂತಿತು. ಅವನ ಅಣ್ಣ ಶಿವನಂಜ ಅರಮನೆಯ ತೋಟದಾಳು. ಹೋದ ವಾರವೇ ಒಗಟು ಬಿಡಿಸಲು ಹೋಗಿ ಸೋತು ಸೆರೆಯಲ್ಲಿದ್ದ. ಹುಣ್ಣಿಮೆಗೆ ಇನ್ನು ಒಂದೇ ದಿನ.

ಆ ಹೂದೋಟದ ಸಂಗತಿ ಊರಿಗೆಲ್ಲ ಗೊತ್ತು. ಚಳಿನಾಡಿನ ವರ್ತಕರು ತಂದ ಬೀಜವನ್ನು ರಾಣಿಯಮ್ಮ ಕೈಯಾರೆ ಬೆಳೆಸಿದ್ದಳು. ವರ್ತಕರು ಅದನ್ನು ಲುಪಿನ್ ಎಂದರು. ನೆಲೆಯ ಮೇಲೆ ನೆಲೆಯಾಗಿ ಹೂ ಜೋಡಿಸಿಕೊಂಡು ತುದಿ ಚೂಪಾಗಿ ನಿಲ್ಲುವುದನ್ನು ನೋಡಿ ನಮ್ಮ ಜನ ಗೋಪುರಹೂವು ಎಂದರು. ರಾಣಿ ಹೋದ ಮೂರು ವರ್ಷದಿಂದ ಅರಮನೆಯಲ್ಲಿ ಒಂದು ಗೋಪುರವೂ ಏಳಲಿಲ್ಲ. ಮೊಳೆಯದ ಬೀಜವನ್ನು ತೋಟದವರು ಜೊಳ್ಳೆಂದು ಗೋಡೆಯಾಚೆ ಚೆಲ್ಲಿದರು. ಗುರುಸಿದ್ದ ಅದನ್ನು ಆಯ್ದು ತಂದು ಗಣಿಯ ಅಂಚಿನಲ್ಲಿ ಬಿತ್ತಿದ್ದ.

“ಒಬ್ಬ ಒಳಗೆ ಕೂತವ್ನೆ. ನೀನೂ ಹೋದ್ರೆ ನಾನು ಯಾರ ಮುಖ ನೋಡ್ಲೋ ಸಿದ್ದಾ?” ಎಂದಳು ಅವ್ವ.

“ಇಬ್ರ ಮುಖನೂ ನೋಡೀವಂತೆ ಕಣವ್ವ,” ಎಂದು ಅವನು ಬೆಟ್ಟದ ಮಲ್ಲಯ್ಯನಿಗೆ ಕೈಮುಗಿದು, ತೋಟವೇ ಪಣವಾದರೆ ಒಗಟೂ ಅದರದ್ದೇ ಇದ್ದೀತೆಂದು ಸೊಂಟಕ್ಕೆ ಒಂದು ಹಿಡಿ ಬೀಜ ಕಟ್ಟಿಕೊಂಡು ನಡೆದ.

ಸಭೆ ತುಂಬಿತ್ತು. ಕುವರಿ ಎದ್ದು ನಿಂತು ಹೇಳಿದಳು: “ಇವು ನನ್ನ ತಾಯಿ ನನಗೆ ಬಿಟ್ಟುಹೋದ ಒಗಟುಗಳು. ಗಾಯವಾಗದೆ ಏಳುವುದಿಲ್ಲ, ಮೀಯದೆ ಬಾಯಿ ಬಿಡುವುದಿಲ್ಲ, ಇದು ಯಾವುದು? ಬಡವನ ಮನೆಯಲ್ಲಿ ಹಿಗ್ಗುವನು, ಸಿರಿವಂತನ ಮನೆಯಲ್ಲಿ ಸೊರಗುವನು, ಹೋಗುವಾಗ ಉಂಡ ಮನೆಗೇ ಬುತ್ತಿ ಇಟ್ಟುಹೋಗುವನು, ಈ ನೆಂಟ ಯಾರು? ತಲೆ ಉಳಿಸಿದರೆ ಬೇಗ ಮುಪ್ಪಾಗುವಳು, ತಲೆ ಕಡಿದರೆ ಮತ್ತೊಮ್ಮೆ ನಗುವಳು, ಇವಳು ಯಾರು?”

ಆನೆಯೇರಿ ಬಂದಿದ್ದ ನೆರೆನಾಡಿನ ಯುವರಾಜ ಮೀಸೆ ತಿರುವಿದ. “ಮೊದಲನೆಯದು ದೇವರ ಗಂಟೆ! ಪೆಟ್ಟು ಬಿದ್ದರೆ ತಾನೆ ಸದ್ದು ಏಳುವುದು?”

“ಮೀಯದ ಗಂಟೆ ಮೂಗಿಯೇನು?” ಎಂದಳು ಕುವರಿ. ಭಟರು ಅವನನ್ನು ಎಳೆದೊಯ್ದರು.

ಆಸ್ಥಾನದ ಪಂಡಿತ ಶಾಲು ಸರಿಮಾಡಿಕೊಂಡ. “ನಾನು ಎರಡನೆಯದರಿಂದ ಶುರುಮಾಡುವೆ. ಬಡವನ ಮನೆಯಲ್ಲಿ ಹಿಗ್ಗುವುದು ಹಸಿವು, ಇನ್ನೇನು!”

“ಬುತ್ತಿ ಇಟ್ಟುಹೋಗುವ ಹಸಿವನ್ನು ಎಲ್ಲಿ ಕಂಡಿರಿ ಪಂಡಿತರೇ?” ಸಭೆ ನಗಬೇಕೆಂದಿತ್ತು, ಬಾಗಿಲಲ್ಲಿ ಕತ್ತಿ ಹಿಡಿದು ನಿಂತ, ತಲೆದಂಡ ನಡೆಸುವ ತಳವಾರ ಮಾರನನ್ನು ನೋಡಿ ನಗು ನುಂಗಿತು; ಪಂಡಿತನೂ ಸೆರೆಗೆ ನಡೆದ.

ಗುರುಸಿದ್ದ ಮುಂದೆ ಬಂದ. ಮೈಮೇಲೆ ಇನ್ನೂ ಕಲ್ಲಿನ ಧೂಳಿತ್ತು. ಅರಮನೆ ತೋಟದ ಮೇಲ್ವಿಚಾರಕ ತಿಮ್ಮಪ್ಪಯ್ಯ ಮೂದಲಿಸಿದ: “ಕಲ್ಲು ಒಡೆಯೋನು ಒಗಟು ಒಡೆಯೋಕೆ ಬಂದೆಯೇನಯ್ಯ?”

“ಎರಡಕ್ಕೂ ಎಲ್ಲಿ ಪೆಟ್ಟು ಹಾಕ್ಬೇಕು ಅಂತ ತಿಳಿದಿದ್ರೆ ಸಾಕು ಬುದ್ಧಿ,” ಎಂದು ಗುರುಸಿದ್ದ ಸೊಂಟದ ಗಂಟು ಬಿಚ್ಚಿದ. “ಅಮ್ಮಣ್ಣಿಯವರೇ, ಗಾಯವಾಗದೆ ಏಳದ್ದು ಈ ಬೀಜ. ಸಿಪ್ಪೆ ಕಲ್ಲಿನಂಥದ್ದು. ಉಳಿ ಮಸೆಯುವ ಸಾಣೆಗೆ ಎರಡು ಸಲ ಉಜ್ಜಿ, ಒಂದಿರುಳು ನೆನೆಹಾಕಿದರೆ ಉಬ್ಬಿ ಬಾಯಿಬಿಡುತ್ತದೆ. ಹಾಗೇ ಬಿತ್ತಿದವರು ಜೊಳ್ಳೆಂದು ಚೆಲ್ಲಿದರು.”

ತಿಮ್ಮಪ್ಪಯ್ಯ ನೆಲ ನೋಡಿದ.

“ಎರಡನೆಯ ನೆಂಟ ಈ ಗಿಡ. ಅರಮನೆಯಲ್ಲಿ ಅಲ್ಲೊಂದು ಇಲ್ಲೊಂದು ಎದ್ದ ಸಸಿಗೆ ಮೊಣಕಾಲುದ್ದ ಗೊಬ್ಬರ ಸುರಿದಿರಿ. ಸೊಪ್ಪೇ ಬೆಳೆದು, ಬೇರು ಕೊಳೆತು ಸತ್ತಿತು. ನನ್ನ ಗಣಿಯ ಗರಸು ಮಣ್ಣಲ್ಲಿ ಹುಲ್ಲೂ ಬಾರದು, ಇದು ಎದೆಯುದ್ದ ನಿಂತಿದೆ. ಬೇರಲ್ಲಿ ಸಣ್ಣ ಸಣ್ಣ ಗಂಟು ಕಟ್ಟಿ ನೆಲಕ್ಕೆ ಸಾರ ಬಿಡುತ್ತದೆ. ಗಿಡ ಹೋದ ಜಾಗದಲ್ಲಿ ನಮ್ಮವ್ವ ರಾಗಿ ಚೆಲ್ಲಿದಳು, ತೆನೆ ಬಾಗಿ ನಿಂತಿತು. ಅದೇ ಬುತ್ತಿ.”

ಮೂರನೆಯದಕ್ಕೆ ಅವನು ತಡೆದ. ಉತ್ತರ ಗೊತ್ತಿತ್ತು. ಕಣ್ಣು ಮಾತ್ರ ಮಾರನ ಕತ್ತಿಯ ಮೇಲಿತ್ತು. ಕತ್ತಿಯ ಹಿಂದೆ ಅಣ್ಣನ ಮುಖವೇ ಕಂಡಂತಾಯಿತು.

“ಏಕೆ, ಸೋತೆಯಾ?” ಎಂದ ಅರಸ.

“ಇಲ್ಲ ಮಹಾಸ್ವಾಮಿ. ಅವಳು ಈ ಹೂವು. ಬಾಡಿದ ಗೋಪುರವನ್ನು ಹಾಗೇ ಬಿಟ್ಟರೆ ಕಾಯಿ ಕಟ್ಟಿ ಗಿಡ ದಣಿಯುತ್ತದೆ. ಹೂ ಬಾಡಿದ ಕೂಡಲೇ ತಲೆ ಕಡಿದರೆ ಪಕ್ಕದಿಂದ ಎರಡನೆಯ ಸಲ ಹೂವೇಳುತ್ತದೆ.” ಅವನು ಕೈಮುಗಿದ. “ಆದರೆ ಸ್ವಾಮಿ, ತಲೆ ಕಡಿದರೆ ಮತ್ತೆ ಅರಳುವುದು ಗಿಡ. ನಿಮ್ಮ ಸೆರೆಯಲ್ಲಿರುವವರು ಒಂದೇ ಸಲ ಅರಳುವವರು. ನನಗೆ ಕೊಡುವುದಿದ್ದರೆ ಮೊದಲು ಅವರ ತಲೆಗಳನ್ನು ಕೊಡಿ, ಹೆಗಲ ಮೇಲಿದ್ದಂತೆಯೇ.”

ಕುವರಿಯ ಕಣ್ಣು ತುಂಬಿತು. “ಅಪ್ಪಾಜಿ, ಅಮ್ಮ ದಿನಾ ಬೆಳಿಗ್ಗೆ ಬಾಡಿದ್ದನ್ನು ಕತ್ತರಿಸುತ್ತಿದ್ದದ್ದು ನೆನಪಿದೆಯೆ? ಮೂರೂ ಬಿಡಿಸಿದ್ದಾನೆ.”

ಅರಸ ಸಿಂಹಾಸನದಿಂದ ಇಳಿದು ಬಂದು ಕಲ್ಲಿನ ಧೂಳಿನ ಆ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದ. “ಬೀಗ ತೆಗೆಯಿರೋ!” ಎಂದ.

ಶಿವನಂಜ ಹೊರಬಂದು, ನಡೆದದ್ದನ್ನೆಲ್ಲ ಕೇಳಿ ತಮ್ಮನನ್ನು ತಬ್ಬಿಕೊಂಡ. “ಬೀಜ ಉಜ್ಜಬೇಕು ಅಂತ ನನಗೊಂದು ಮಾತು ಹೇಳಿದ್ರೆ ಆಗ್ತಿರಲಿಲ್ವೇನೋ?”

“ಕಲ್ಲಲ್ಲಿ ಹೂ ಬೆಳೀತಾನೆ ಹುಚ್ಚ ಅಂತ ನಗ್ತಿದ್ದೋನು ಯಾರಣ್ಣ?”

ಮದುವೆಗೆ ಗಣಿಯ ಜನವೆಲ್ಲ ಬೀಗರಾಗಿ ಬಂದು ಮುಂದಿನ ಸಾಲಿನಲ್ಲೇ ಕೂತರು. ರಾಣಿಯಮ್ಮನ ತೋಟದ ಗೊಬ್ಬರ ತೆಗೆಸಿ ಗಣಿಯಿಂದ ಗರಸು ತುಂಬಿಸಿದರು. ಬಾಡಿದ ತಲೆ ಕಡಿಯುವ ಕೆಲಸ ತಳವಾರ ಮಾರನಿಗೆ ಬಂತು. ಕೈ ಪಳಗಿತ್ತು, ಈಗ ನಿದ್ದೆಯೂ ಚೆನ್ನಾಗಿ ಬರತೊಡಗಿತು.

ಮೊದಲ ಗೋಪುರ ಎದ್ದ ದಿನ ಗುರುಸಿದ್ದ ಅವ್ವನನ್ನು ಪಲ್ಲಕ್ಕಿಯಲ್ಲಿ ಕರೆಸಿದ. ಅವಳು ಹೂವನ್ನು ನೋಡಲಿಲ್ಲ. ಅಕ್ಕಪಕ್ಕ ನಿಂತ ಇಬ್ಬರು ಮಕ್ಕಳ ತಲೆಯನ್ನು ಒಂದೊಂದು ಕೈಯಿಂದ ಮುಟ್ಟಿ ನೋಡಿ, ಅರಸನ ಎದುರಿಗೇ ಎದೆಯೆತ್ತಿ ಹೇಳಿದಳು: “ಇವು ನನ್ನ ಗೋಪುರ, ಬೀಗರೇ.”